ಎರಡು ಎಸ್‌ಯುವಿಗಳ ನಡುವೆ ಆಯ್ಕೆ: ತನಿಖೆ ಮತ್ತು ರೀಕಾಲ್ ದಾಖಲೆಗಳನ್ನು ಹೋಲಿಸುವ ಬಗೆ

ಅಮೆರಿಕದಲ್ಲಿ ಬಳಸಿದ ಎಸ್‌ಯುವಿ ಕೊಳ್ಳಲು ಹೊರಟವರು ಬೆಲೆ, ಓಡಿದ ದೂರ, ಇಂಧನದ ಖರ್ಚು ಇವುಗಳನ್ನು ನೋಡಿ ಎರಡೋ ಮೂರೋ ವಾಹನಗಳನ್ನು ಉಳಿಸಿಕೊಂಡ ಮೇಲೆ, ಸುರಕ್ಷತೆಯ ವಿಷಯದಲ್ಲಿ ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ. ಯಾವ ಮಾಡೆಲ್‌ಗೆ ಎಷ್ಟು ರೀಕಾಲ್ (ಸುರಕ್ಷತಾ ದೋಷವನ್ನು ಉಚಿತವಾಗಿ ಸರಿಪಡಿಸಲು ಕಂಪನಿ ವಾಹನಗಳನ್ನು ಮರಳಿ ಕರೆಸುವುದು) ಆಗಿವೆ ಎಂದು ಎಣಿಸಿ, ಕಡಿಮೆ ಇರುವುದನ್ನು ಆರಿಸಿಕೊಳ್ಳುತ್ತಾರೆ. ಈ ಎಣಿಕೆ ಹಲವು ಸಲ ದಾರಿ ತಪ್ಪಿಸುತ್ತದೆ. ಆರು ರೀಕಾಲ್ ಆಗಿ ಆರೂ ದುರಸ್ತಿ ಮುಗಿದಿರುವ ವಾಹನ, ಒಂದೂ ರೀಕಾಲ್ ಇಲ್ಲದೆ ಗಂಭೀರ ತನಿಖೆಯ ನಡುವೆ ನಿಂತಿರುವ ವಾಹನಕ್ಕಿಂತ ಎಷ್ಟೋ ನಂಬಿಕೆಗೆ ಅರ್ಹವಾಗಿರಬಹುದು. ಹೋಲಿಸಬೇಕಾದದ್ದು ದೋಷ ಯಾವುದು, ಅದರ ಕಡತ ಈಗ ಯಾವ ಹಂತದಲ್ಲಿದೆ, ಕಂಪನಿ ಕೊಟ್ಟ ದುರಸ್ತಿ ಎಂಥದ್ದು, ಮತ್ತು ಆ ದುರಸ್ತಿ ನಿಮ್ಮ ಕಣ್ಣೆದುರಿನ ವಾಹನಕ್ಕೆ ನಿಜವಾಗಿ ಆಗಿದೆಯೇ ಎಂಬುದನ್ನು.

ಇದಕ್ಕೆ ಬೇಕಾದ ದಾಖಲೆಗಳೆಲ್ಲ ಸಾರ್ವಜನಿಕವಾಗಿಯೇ ಇವೆ. 1970ರಲ್ಲಿ ಸ್ಥಾಪನೆಯಾದ, ಸಾರಿಗೆ ಇಲಾಖೆಯ ಅಡಿಯಲ್ಲಿರುವ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ, ಅಂದರೆ ಎನ್‌ಎಚ್‌ಟಿಎಸ್‌ಎ, ಪ್ರತಿ ಮಾಡೆಲ್‌ನ ಪ್ರತಿ ವರ್ಷದ ವಾಹನಕ್ಕೂ ನಾಲ್ಕು ಬಗೆಯ ದಾಖಲೆಗಳನ್ನು ಇಡುತ್ತದೆ: ಮಾಲೀಕರ ದೂರುಗಳು, ದೋಷ ತನಿಖಾ ಕಚೇರಿ ನಡೆಸಿದ ತನಿಖೆಗಳು, ರೀಕಾಲ್‌ಗಳು, ಮತ್ತು ಕಂಪನಿ ತನ್ನ ಡೀಲರ್‌ಗಳಿಗೆ ಕಳಿಸಿದ ಸುತ್ತೋಲೆಗಳು. ಈ ನಾಲ್ಕಕ್ಕೂ ಒಂದೇ ತೂಕ ಕೊಡಬಾರದು.

ದಾಖಲೆಗಳ ತೂಕ

ದೂರನ್ನು ಯಾವ ಮಾಲೀಕರಾದರೂ ಸಲ್ಲಿಸಬಹುದು, ಪ್ರಕಟಿಸುವ ಮುನ್ನ ಅದು ನಿಜವೇ ಎಂದು ಯಾರೂ ಪರೀಕ್ಷಿಸಿರುವುದಿಲ್ಲ. ಹೆಚ್ಚು ಮಾರಾಟವಾದ ಮಾಡೆಲ್‌ಗೆ ಹೆಚ್ಚು ದೂರುಗಳು ಬರುವುದು ಸಹಜ. ಆದ್ದರಿಂದ ವರ್ಷಕ್ಕೆ ನಾಲ್ಕು ಲಕ್ಷ ಮಾರಾಟವಾಗುವ ಎಸ್‌ಯುವಿಯ ದೂರುಗಳನ್ನು ನಲವತ್ತು ಸಾವಿರ ಮಾರಾಟವಾಗುವುದರ ದೂರುಗಳೊಡನೆ ಸುಮ್ಮನೆ ಅಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ದೂರುಗಳಲ್ಲಿ ಹುಡುಕಬೇಕಾದದ್ದು ಪುನರಾವರ್ತನೆಯನ್ನು: ಒಂದೇ ಭಾಗ, ಹೆಚ್ಚುಕಡಿಮೆ ಅಷ್ಟೇ ಮೈಲಿ ಓಡಿದಾಗ, ಎಚ್ಚರಿಕೆಯ ದೀಪವೂ ಹೊತ್ತದೆ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಜನರಿಗೆ ಒಂದೇ ಬಗೆಯಲ್ಲಿ ಕೈಕೊಟ್ಟಿದೆಯೇ? ಹೆದ್ದಾರಿಯಲ್ಲಿ ಓಡುವಾಗ ಎಂಜಿನ್ ನಿಂತಿತು ಎಂಬ ಹತ್ತು ದೂರುಗಳು, ಪರದೆಯ ಮೇಲಿನ ನಕ್ಷೆ ಮಂಕಾಯಿತು ಎಂಬ ಮುನ್ನೂರು ದೂರುಗಳಿಗಿಂತ ಭಾರವಾದವು.

ಸುತ್ತೋಲೆಗಳದು ಬೇರೆ ಕಥೆ. ಕಂಪನಿಗೆ ಆ ತೊಂದರೆ ಗೊತ್ತಿದೆ, ಅದನ್ನು ಸರಿಪಡಿಸುವ ಕ್ರಮವನ್ನೂ ಬರೆದಿಟ್ಟಿದೆ ಎಂಬುದು ಅವುಗಳಿಂದ ತಿಳಿಯುತ್ತದೆ. ಆದರೆ ಸುತ್ತೋಲೆ ಇದೆ ಎಂದ ಮಾತ್ರಕ್ಕೆ ದುರಸ್ತಿ ಉಚಿತವಾಗುವುದಿಲ್ಲ, ವಾರಂಟಿ ಮುಗಿದಿದ್ದರೆ ಖರ್ಚು ಮಾಲೀಕರ ಮೇಲೆಯೇ ಬೀಳುತ್ತದೆ. ರೀಕಾಲ್‌ಗೂ ಇದಕ್ಕೂ ಇರುವ ಈ ವ್ಯತ್ಯಾಸವನ್ನು ಮಾರಾಟಗಾರರು ಮಾತಿನ ಭರದಲ್ಲಿ ಮರೆಸಿಬಿಡುವುದುಂಟು.

ತನಿಖೆಯ ಕಡತದ ಸಂಖ್ಯೆಯಲ್ಲಿಯೇ ಅದರ ಹಂತ ಅಡಗಿರುತ್ತದೆ. 'ಪಿಇ' ಎಂದು ಆರಂಭವಾದರೆ ಅದು ಪ್ರಾಥಮಿಕ ಪರಿಶೀಲನೆ. ಬಂದಿರುವ ದೂರುಗಳಲ್ಲಿ ಸತ್ವವಿದೆಯೇ ಎಂದು ನೋಡಲು ಕಂಪನಿಯಿಂದ ಮಾಹಿತಿ ಕೇಳುವ ಕೆಲಸ ಇಲ್ಲಿ ನಡೆಯುತ್ತದೆ. 'ಇಎ' ಎಂದಿದ್ದರೆ ಅದು ತಾಂತ್ರಿಕ ವಿಶ್ಲೇಷಣೆ. ಪರಿಶೀಲನೆಯಲ್ಲಿ ಕಂಡದ್ದನ್ನು ಪರೀಕ್ಷೆಗಳಿಂದ, ಬಿಡಿಭಾಗಗಳ ಅಧ್ಯಯನದಿಂದ ಆಳವಾಗಿ ಕೆದಕುವ ಹಂತವದು, ಕೊಳ್ಳುವವರು ಇದನ್ನು ಹಗುರವಾಗಿ ಕಾಣಬಾರದು. 'ಡಿಪಿ' ಎಂದರೆ ಸಾರ್ವಜನಿಕರೊಬ್ಬರು ತನಿಖೆ ಕೋರಿ ಸಲ್ಲಿಸಿದ ಅರ್ಜಿ, ಅದನ್ನು ತಿರಸ್ಕರಿಸುವುದೂ ಉಂಟು. 'ಆರ್‌ಕ್ಯೂ' ಎಂದರೆ ಆಗಲೇ ಆಗಿರುವ ರೀಕಾಲ್‌ನ ವ್ಯಾಪ್ತಿ ಅಥವಾ ದುರಸ್ತಿ ಸಾಕೇ ಎಂಬ ವಿಚಾರಣೆ. ಅಕ್ಷರಗಳ ಪಕ್ಕದ ಎರಡು ಅಂಕಿಗಳು ತನಿಖೆ ಆರಂಭವಾದ ವರ್ಷವನ್ನು ತಿಳಿಸುತ್ತವೆ. ನಾಲ್ಕರಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು, ಆದರೆ ಜನ ಅತಿ ಕಡಿಮೆ ನೋಡುವುದು ಈ ಆರ್‌ಕ್ಯೂ ಕಡತವನ್ನು.

ರೀಕಾಲ್‌ಗೆ ಮಾತ್ರ ಕಾನೂನಿನ ಬಲವಿದೆ. ಸುರಕ್ಷತಾ ದೋಷವಿದೆ ಎಂದು ತೀರ್ಮಾನಿಸಿದ ಐದು ಕೆಲಸದ ದಿನಗಳೊಳಗೆ ಕಂಪನಿ ಸರ್ಕಾರಕ್ಕೆ ವರದಿ ಕೊಡಬೇಕು, ಅಲ್ಲಿಂದ 60 ದಿನಗಳೊಳಗೆ ಮಾಲೀಕರಿಗೆ ಪತ್ರ ಕಳಿಸಬೇಕು, ಮತ್ತು ವಾಹನ ಮೊದಲ ಗ್ರಾಹಕರಿಗೆ ಮಾರಾಟವಾದ ದಿನದಿಂದ 15 ವರ್ಷಗಳವರೆಗೆ ದುರಸ್ತಿಯನ್ನು ಉಚಿತವಾಗಿ ಮಾಡಿಕೊಡಬೇಕು. ವಾಹನ ಎಷ್ಟು ಕೈ ಬದಲಾಯಿಸಿದ್ದರೂ ಈ ಹಕ್ಕು ಅದರ ಜೊತೆಗೇ ಬರುತ್ತದೆ.

ತನಿಖೆಯಲ್ಲಿರುವುದು ಲೇಸೋ, ರೀಕಾಲ್ ಆದದ್ದು ಲೇಸೋ

ಟೊಯೋಟಾ ರಾವ್4 ಇದಕ್ಕೆ ಒಳ್ಳೆಯ ಉದಾಹರಣೆ. 2013ರಿಂದ 2018ರವರೆಗಿನ ಮಾಡೆಲ್‌ಗಳಲ್ಲಿ ಬ್ಯಾಟರಿಯ ಬಳಿ ಬೆಂಕಿ ಕಾಣಿಸಿಕೊಂಡ ದೂರುಗಳ ಮೇಲೆ ಎನ್‌ಎಚ್‌ಟಿಎಸ್‌ಎ 2021ರ ಫೆಬ್ರವರಿಯಲ್ಲಿ ಪ್ರಾಥಮಿಕ ಪರಿಶೀಲನೆ ಆರಂಭಿಸಿತು. ಸುಮಾರು 19 ಲಕ್ಷ ವಾಹನಗಳು ಅದರ ವ್ಯಾಪ್ತಿಯಲ್ಲಿದ್ದವು. ಕಂಪನಿ ರೀಕಾಲ್ ಘೋಷಿಸಿದ್ದು 2023ರ ನವೆಂಬರ್‌ನಲ್ಲಿ. ಬದಲಿಗೆ ಹಾಕಿಸಿದ ಕೆಲವು 12 ವೋಲ್ಟ್ ಬ್ಯಾಟರಿಗಳ ಮೇಲ್ಭಾಗ ಚಿಕ್ಕದಾಗಿತ್ತು. ಹಿಡಿದಿಡುವ ಪಟ್ಟಿಯನ್ನು ಸರಿಯಾಗಿ ಬಿಗಿಯದಿದ್ದರೆ ಜೋರಾಗಿ ತಿರುಗಿಸುವಾಗ ಬ್ಯಾಟರಿ ಸರಿದು, ಧನ (ಪಾಸಿಟಿವ್) ತುದಿ ಪಟ್ಟಿಗೆ ತಗುಲಿ ಶಾರ್ಟ್ ಸರ್ಕ್ಯೂಟ್ ಆಗುವ ಸಾಧ್ಯತೆಯಿತ್ತು. ಪರಿಹಾರವಾಗಿ ಪಟ್ಟಿ, ತಟ್ಟೆ ಮತ್ತು ತುದಿಯ ಮುಚ್ಚಳವನ್ನು ಬದಲಾಯಿಸಲು ನಿರ್ಧಾರವಾಯಿತು.

ತನಿಖೆಗೂ ರೀಕಾಲ್‌ಗೂ ನಡುವಿನ ಆ ಎರಡೂವರೆ ವರ್ಷಗಳಲ್ಲಿ ಈ ವಾಹನ ಕೊಂಡವರಿಗೆ ಈ ದೋಷದ ಬಗ್ಗೆ ರೀಕಾಲ್ ಪಟ್ಟಿಯಲ್ಲಿ ಏನೂ ಸಿಗುತ್ತಿರಲಿಲ್ಲ, ತನಿಖೆಯ ಪಟ್ಟಿಯನ್ನು ತೆರೆದವರಿಗೆ ಮಾತ್ರ ಬ್ಯಾಟರಿಯ ಕಡೆ ಕಣ್ಣಾಡಿಸುವ ಸುಳಿವು ಸಿಗುತ್ತಿತ್ತು. ಇಂದು ಅದೇ ವಾಹನವನ್ನು ದುರಸ್ತಿಯ ದಾಖಲೆಯೊಡನೆ ಕೊಳ್ಳುವವರು ಆಗ ಕೊಂಡವರಿಗಿಂತ ಸುಭದ್ರ ಸ್ಥಿತಿಯಲ್ಲಿದ್ದಾರೆ, ಪಟ್ಟಿಯಲ್ಲಿ ರೀಕಾಲ್‌ಗಳ ಸಂಖ್ಯೆ ಒಂದು ಏರಿದ್ದರೂ ಸಹ.

ತನಿಖೆ ಎಂದರೆಲ್ಲ ದೋಷ ಎಂದೂ ಅಲ್ಲ. ಫೋರ್ಡ್ ಎಕ್ಸ್‌ಪ್ಲೋರರ್‌ನ 2011ರಿಂದ 2017ರವರೆಗಿನ ಮಾಡೆಲ್‌ಗಳ ಒಳಗೆ ಹೊಗೆಯ ವಾಸನೆ ಬರುತ್ತದೆ, ಕಾರ್ಬನ್ ಮೊನಾಕ್ಸೈಡ್ ನುಸುಳುತ್ತಿರಬಹುದು ಎಂಬ ದೂರುಗಳ ಮೇಲೆ 2016ರ ಜುಲೈನಲ್ಲಿ ತನಿಖೆ ಆರಂಭವಾಗಿ, ಮರುವರ್ಷ ತಾಂತ್ರಿಕ ವಿಶ್ಲೇಷಣೆಯ ಹಂತಕ್ಕೆ ಏರಿತು. ಆರು ವರ್ಷಗಳಿಗೂ ಹೆಚ್ಚು ಕಾಲ ನಡೆದ ಈ ತನಿಖೆ 2023ರ ಜನವರಿಯಲ್ಲಿ ರೀಕಾಲ್ ಇಲ್ಲದೆ ಮುಗಿಯಿತು. ಇಲ್ಲಿ ಮುಕ್ತಾಯದ ವರದಿಯನ್ನು ಓದುವುದು ಅಗತ್ಯ, ಏಕೆಂದರೆ ರೀಕಾಲ್ ಆಗಲಿಲ್ಲ ಎಂಬ ಒಂದು ಮಾತಿನಲ್ಲಿ ವಿಷಯ ತೀರುವುದಿಲ್ಲ. ಆ ನಡುವೆ ಕಂಪನಿ 2017ರಲ್ಲಿ ಹಿಂಬದಿಯ ಸಂದುಗಳನ್ನು ಮುಚ್ಚುವ ಮತ್ತು ಹವಾನಿಯಂತ್ರಣವನ್ನು ಹೊಂದಿಸುವ ಉಚಿತ ಸೇವೆಯನ್ನು ನೀಡಿತ್ತು. ಅಂಥ ಹಳೆಯ ಎಕ್ಸ್‌ಪ್ಲೋರರ್ ನೋಡುವವರು ಆ ಸೇವೆ ಆಗಿದೆಯೇ ಎಂದು ಕೇಳಬೇಕು. ಹಿಂದೆ ಅದು ಪೊಲೀಸ್ ವಾಹನವಾಗಿದ್ದು, ದೀಪ ಮತ್ತು ರೇಡಿಯೊಗಾಗಿ ರಂಧ್ರ ಕೊರೆಸಿಕೊಂಡದ್ದಾದರೆ ಅವುಗಳನ್ನು ಸರಿಯಾಗಿ ಮುಚ್ಚಲಾಗಿದೆಯೇ ಎಂದೂ ನೋಡಬೇಕು. ಹಿಂದಿನಿಂದ ಅಪಘಾತವಾಗಿದ್ದ ವಾಹನವಾದರೆ ಡಿಕ್ಕಿಯ ಬಾಗಿಲಿನ ರಬ್ಬರನ್ನು ಕೈಯಿಂದ ಮುಟ್ಟಿ ನೋಡುವುದು ಒಳಿತು.

ನನ್ನ ಅಭಿಪ್ರಾಯ ಹೀಗಿದೆ: ದುರಸ್ತಿಯಾದ ರೀಕಾಲ್‌ಗೆ ಮೊದಲ ಸ್ಥಾನ, ಕಾರಣ ವಿವರಿಸಿ ಮುಗಿಸಿದ ತನಿಖೆಗೆ ಎರಡನೆಯದು, ಪ್ರಾಥಮಿಕ ಪರಿಶೀಲನೆಯಲ್ಲಿ ಇರುವುದಕ್ಕೆ ಅದರ ನಂತರದ್ದು. ಬ್ರೇಕ್, ಸ್ಟಿಯರಿಂಗ್, ಬೆಂಕಿ ಅಥವಾ ಏರ್‌ಬ್ಯಾಗ್ ವಿಷಯದಲ್ಲಿ ತಾಂತ್ರಿಕ ವಿಶ್ಲೇಷಣೆ ನಡೆಯುತ್ತಿರುವ ವಾಹನವನ್ನು, ಸಮನಾದ ಬೇರೊಂದು ಸಿಗುವಂತಿದ್ದರೆ, ಬಿಟ್ಟುಬಿಡಬೇಕು.

ದುರಸ್ತಿ ಎಂಥದ್ದು ಎಂಬ ಪ್ರಶ್ನೆ

ರೀಕಾಲ್ ಆಗಿದೆ, ದುರಸ್ತಿಯೂ ಮುಗಿದಿದೆ ಎಂಬಲ್ಲಿಗೆ ಹೆಚ್ಚಿನವರು ಕಡತ ಮುಚ್ಚುತ್ತಾರೆ. ನಿಜವಾದ ಹೋಲಿಕೆ ಆರಂಭವಾಗುವುದೇ ಅಲ್ಲಿಂದ. ದುರಸ್ತಿಯು ಕೆಟ್ಟ ಭಾಗವನ್ನೇ ಬದಲಾಯಿಸಿತೋ, ಇಲ್ಲವೇ ಆ ಭಾಗ ಕೆಟ್ಟಾಗ ಆಗುವ ಹಾನಿಯನ್ನು ತಗ್ಗಿಸಲು ಇನ್ನೊಂದು ಏರ್ಪಾಡು ಮಾಡಿತೋ ಎಂಬುದನ್ನು ಬಿಡಿಸಿ ನೋಡಬೇಕು.

2020ರಿಂದ 2022ರವರೆಗಿನ ಎಕ್ಸ್‌ಪ್ಲೋರರ್‌ಗಳಲ್ಲಿ ಹಿಂದಿನ ಆಕ್ಸಲ್ ಅನ್ನು ಹಿಡಿದಿಡುವ ಒಂದು ಬೋಲ್ಟ್ ಮುರಿಯುವ ಸಾಧ್ಯತೆ ಇತ್ತು. ಅದು ಮುರಿದರೆ ಚಕ್ರಗಳಿಗೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ನ ಸಂಪರ್ಕ ತಪ್ಪಿ, ಗೇರ್ ಪಾರ್ಕ್‌ನಲ್ಲಿ ಇದ್ದರೂ ಪಾರ್ಕಿಂಗ್ ಬ್ರೇಕ್ ಹಾಕದ ವಾಹನ ಉರುಳಿಹೋಗಬಹುದಿತ್ತು. 2022ರಲ್ಲಿ ಸುಮಾರು 2.5 ಲಕ್ಷ ವಾಹನಗಳಿಗೆ ಮಾಡಿದ ರೀಕಾಲ್‌ನಲ್ಲಿ ಕಂಪನಿ ಬೋಲ್ಟನ್ನು ಬದಲಾಯಿಸಲಿಲ್ಲ. ಬದಲಿಗೆ ಸಾಫ್ಟ್‌ವೇರ್ ಬದಲಿಸಿ, ಅಗತ್ಯ ಬಿದ್ದಾಗ ಪಾರ್ಕಿಂಗ್ ಬ್ರೇಕ್ ತಾನಾಗಿ ಬೀಳುವಂತೆ ಮಾಡಿತು. ವಾಹನ ಉರುಳುವುದನ್ನು ಇದು ತಡೆಯುತ್ತಿತ್ತು, ಬೋಲ್ಟ್ ಮುರಿಯುವುದನ್ನು ತಡೆಯುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಎನ್‌ಎಚ್‌ಟಿಎಸ್‌ಎ ಈ ದುರಸ್ತಿ ಸಾಕೇ ಎಂದು ಆರ್‌ಕ್ಯೂ ವಿಚಾರಣೆ ತೆರೆಯಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಂಪನಿ ಮತ್ತೊಮ್ಮೆ ರೀಕಾಲ್ ಮಾಡಿ ಯಾಂತ್ರಿಕ ಭಾಗಗಳನ್ನೇ ಬದಲಾಯಿಸಲು ಒಪ್ಪಿತು. ಈ ವರ್ಷಗಳ ಎಕ್ಸ್‌ಪ್ಲೋರರ್ ಮಾರುವವರು ರೀಕಾಲ್ ದುರಸ್ತಿ ಆಗಿದೆ ಎಂದರೆ, ಮೊದಲನೆಯದೋ ಎರಡನೆಯದೋ ಎಂದು ಕೇಳುವ ಒಂದು ಪ್ರಶ್ನೆಯೇ ದೊಡ್ಡ ವ್ಯತ್ಯಾಸ ತರುತ್ತದೆ.

ಫೋರ್ಡ್‌ನದೇ ಬ್ರಾಂಕೋ ಸ್ಪೋರ್ಟ್ ಮತ್ತು ಎಸ್ಕೇಪ್‌ಗಳ 1.5 ಲೀಟರ್ ಎಂಜಿನ್‌ನ ಇಂಧನ ಇಂಜೆಕ್ಟರ್ ಬಿರುಕು ಬಿಡುವ ವಿಷಯದಲ್ಲೂ ಇದೇ ಬಗೆಯ ಪ್ರಶ್ನೆ ಎದ್ದಿತ್ತು. ಇಂಜೆಕ್ಟರ್‌ಗಳನ್ನು ಬದಲಾಯಿಸದೆ, ಸೋರಿಕೆಯನ್ನು ಪತ್ತೆಹಚ್ಚುವ ಸಾಫ್ಟ್‌ವೇರ್ ಮತ್ತು ಸೋರಿದ ಇಂಧನ ಹರಿದುಹೋಗಲು ಕೊಳವೆ ಕೊಟ್ಟ ಪರಿಹಾರದ ಬಗ್ಗೆ 2024ರ ಏಪ್ರಿಲ್‌ನಲ್ಲಿ ವಿಚಾರಣೆ ಆರಂಭವಾಯಿತು.

ಇನ್ನೂ ಹಳೆಯ ಪ್ರಕರಣ ಜೀಪ್‌ನದು. 1993ರಿಂದ 2004ರವರೆಗಿನ ಗ್ರ್ಯಾಂಡ್ ಚೆರೋಕಿ ಮತ್ತು 2002ರಿಂದ 2007ರವರೆಗಿನ ಲಿಬರ್ಟಿಗಳಲ್ಲಿ ಇಂಧನ ಟ್ಯಾಂಕ್ ಹಿಂದಿನ ಆಕ್ಸಲ್‌ಗೂ ಹಿಂದೆ ಇತ್ತು, ಹಿಂದಿನಿಂದ ಗುದ್ದಿದಾಗ ಬೆಂಕಿ ಹೊತ್ತಿ ಜನ ಸತ್ತಿದ್ದರು. 2013ರ ಜೂನ್‌ನಲ್ಲಿ ಎನ್‌ಎಚ್‌ಟಿಎಸ್‌ಎ ಸುಮಾರು 27 ಲಕ್ಷ ವಾಹನಗಳ ರೀಕಾಲ್ ಕೋರಿದಾಗ ಜೀಪ್‌ನ ತಯಾರಕ ಕಂಪನಿ ಕ್ರೈಸ್ಲರ್ ಮೊದಲು ನಿರಾಕರಿಸಿತು. ಎರಡು ವಾರಗಳ ನಂತರ ಸುಮಾರು 15.6 ಲಕ್ಷ ವಾಹನಗಳಿಗೆ ಒಪ್ಪಿಕೊಂಡು, ಪರಿಹಾರವಾಗಿ ಹಿಂಬದಿಗೆ ಟ್ರೈಲರ್ ಕಟ್ಟುವ ಕೊಂಡಿಯನ್ನು ಅಳವಡಿಸಿತು. ಟ್ಯಾಂಕ್ ಇದ್ದ ಜಾಗದಲ್ಲಿಯೇ ಉಳಿಯಿತು. ಕಡಿಮೆ ವೇಗದ ಡಿಕ್ಕಿಯಲ್ಲಿ ಕೊಂಡಿ ಒಂದಿಷ್ಟು ಆಸರೆಯಾಗಬಹುದು, ಹೆದ್ದಾರಿಯ ವೇಗದಲ್ಲಿ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು. 1999ರಿಂದ 2004ರವರೆಗಿನ ಗ್ರ್ಯಾಂಡ್ ಚೆರೋಕಿಗಳು ಆ ರೀಕಾಲ್‌ನಲ್ಲಿ ಸೇರಲೇ ಇಲ್ಲ, ಅವಕ್ಕೆ ತಪಾಸಣೆಯ ಸೇವೆಯನ್ನಷ್ಟೇ ಕೊಡಲಾಯಿತು. ಅಗ್ಗದ ಬೆಲೆಗೆ ಸಿಗುತ್ತದೆಂದು ಇವುಗಳ ಕಡೆ ಹೋಗುವವರಿಗೆ ನನ್ನ ಸಲಹೆ ನೇರವಾಗಿದೆ: ದಾಖಲೆಯಲ್ಲಿ ರೀಕಾಲ್ ಮುಗಿದಿದೆ ಎಂದಿದ್ದರೂ ಇವನ್ನು ಹೋಲಿಕೆಯಿಂದ ಹೊರಗಿಡಿ.

ತೀವ್ರತೆ, ಮತ್ತು ಕಂಪನಿಯ ನಡತೆ

ರೀಕಾಲ್‌ನ ಗಾತ್ರವೂ ಅದರ ಅಪಾಯದ ಅಳತೆಯಲ್ಲ. 2024ರ ಆರಂಭದಲ್ಲಿ ಟೆಸ್ಲಾ ಸುಮಾರು 22 ಲಕ್ಷ ವಾಹನಗಳನ್ನು, ಅವುಗಳಲ್ಲಿ ಮಾಡೆಲ್ ವೈ ಮತ್ತು ಮಾಡೆಲ್ ಎಕ್ಸ್ ಎಸ್‌ಯುವಿಗಳೂ ಸೇರಿ, ರೀಕಾಲ್ ಮಾಡಿತು. ಎಚ್ಚರಿಕೆಯ ದೀಪಗಳ ಅಕ್ಷರಗಳು ನಿಯಮಕ್ಕಿಂತ ಚಿಕ್ಕದಾಗಿದ್ದವು ಎಂಬುದು ಕಾರಣ, ವಾಹನ ಮನೆಯಲ್ಲಿ ನಿಂತಿರುವಾಗಲೇ ಸಾಫ್ಟ್‌ವೇರ್ ಬಂದು ಸರಿಯಾಯಿತು. ಅದೇ ವರ್ಷ ಕಿಯಾ ಟೆಲ್ಯುರೈಡ್‌ನ 2020ರಿಂದ 2024ರವರೆಗಿನ ಸುಮಾರು 4.6 ಲಕ್ಷ ವಾಹನಗಳ ರೀಕಾಲ್‌ನಲ್ಲಿ, ಮುಂದಿನ ವಿದ್ಯುತ್ ಸೀಟಿನ ಮೋಟಾರ್ ಕಾದು ಬೆಂಕಿ ಹೊತ್ತಬಹುದಾದ ಕಾರಣ, ದುರಸ್ತಿಯಾಗುವವರೆಗೆ ವಾಹನವನ್ನು ಕಟ್ಟಡಗಳಿಂದ ದೂರ, ಹೊರಗೆ ನಿಲ್ಲಿಸಬೇಕೆಂದು ಸೂಚಿಸಲಾಯಿತು. ಎರಡನ್ನೂ ಒಂದೊಂದು ರೀಕಾಲ್ ಎಂದು ಎಣಿಸಿದರೆ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ. ಹೊರಗೆ ನಿಲ್ಲಿಸಿ ಅಥವಾ ಓಡಿಸಲೇಬೇಡಿ ಎಂಬ ಎಚ್ಚರಿಕೆ ಇರುವ ರೀಕಾಲ್ ಬಾಕಿ ಇದ್ದರೆ, ಆ ವಾಹನವನ್ನು ಪರೀಕ್ಷೆಗಾಗಿ ಓಡಿಸುವ ಮೊದಲೇ ದುರಸ್ತಿ ಮಾಡಿಸಿಕೊಡಲು ಮಾರುವವರಿಗೆ ಹೇಳಬೇಕು. ಉಬ್ಬುವಾಗ ಸಿಡಿದು ಲೋಹದ ಚೂರು ಎರಚಬಹುದಾದ ತಕಾಟಾ ಕಂಪನಿಯ ಏರ್‌ಬ್ಯಾಗ್‌ಗಳ ವಿಷಯದಲ್ಲಂತೂ ಇದರಲ್ಲಿ ರಾಜಿಯೇ ಇಲ್ಲ. ಏರ್‌ಬ್ಯಾಗ್ ಉಬ್ಬಿಸುವ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳನ್ನು ಒಳಗೊಂಡ ಆ ರೀಕಾಲ್‌ಗಳ ಹಳೆಯ ವಾಹನಗಳು ಇಂದಿಗೂ ದುರಸ್ತಿಯಾಗದೆ ಕೈ ಬದಲಾಯಿಸುತ್ತಿವೆ.

ಪ್ರತಿ ರೀಕಾಲ್‌ನ ಜೊತೆ ಕಂಪನಿ ಸಲ್ಲಿಸುವ ದೋಷ ವರದಿಯಲ್ಲಿ ಎರಡು ಭಾಗಗಳನ್ನು ತಪ್ಪದೆ ಓದಬೇಕು. ಒಂದು, ರೀಕಾಲ್ ಆದ ವಾಹನಗಳಲ್ಲಿ ಎಷ್ಟು ಶೇಕಡಾ ವಾಹನಗಳಲ್ಲಿ ದೋಷ ನಿಜವಾಗಿ ಇರಬಹುದು ಎಂಬ ಅಂದಾಜು. ಶೇಕಡಾ 1 ಎಂದಿರುವುದಕ್ಕೂ ಶೇಕಡಾ 100 ಎಂದಿರುವುದಕ್ಕೂ ಇರುವ ಅಂತರ ಕಡಿಮೆಯದಲ್ಲ. ಇನ್ನೊಂದು ಘಟನಾಕ್ರಮ. ಕಂಪನಿಗೆ ಮೊದಲ ಸುಳಿವು ಸಿಕ್ಕಿದ್ದು ಯಾವಾಗ, ತನ್ನ ಸ್ವಂತ ಪರೀಕ್ಷೆಯಿಂದಲೋ ಸರ್ಕಾರದ ಪತ್ರ ಬಂದ ಮೇಲೋ, ಅಲ್ಲಿಂದ ತೀರ್ಮಾನಕ್ಕೆ ಬರಲು ಎಷ್ಟು ತಿಂಗಳು ಹಿಡಿಯಿತು ಎಂಬುದು ದಿನಾಂಕಗಳ ಸಮೇತ ಅಲ್ಲಿರುತ್ತದೆ. ಎರಡು ಕಂಪನಿಗಳ ಘಟನಾಕ್ರಮಗಳನ್ನು ಪಕ್ಕಪಕ್ಕದಲ್ಲಿ ಓದಿದರೆ ಜಾಹೀರಾತು ಹೇಳದ ಎಷ್ಟೋ ಸಂಗತಿ ತಿಳಿಯುತ್ತದೆ. ತಡಮಾಡಿದವರಿಗೆ ದಂಡವೂ ಬಿದ್ದಿದೆ: ಫಿಯೆಟ್ ಕ್ರೈಸ್ಲರ್ 2015ರಲ್ಲಿ ಜೀಪ್ ಸೇರಿದಂತೆ ಹಲವು ರೀಕಾಲ್‌ಗಳ ನಿರ್ವಹಣೆಯ ಲೋಪಕ್ಕಾಗಿ 10.5 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿತು, ಫೋರ್ಡ್ 2024ರ ನವೆಂಬರ್‌ನಲ್ಲಿ ಹಿಂಬದಿ ಕ್ಯಾಮರಾ ರೀಕಾಲ್ ತಡಮಾಡಿದ್ದೂ ಸೇರಿದಂತೆ ಹಲವು ಲೋಪಗಳಿಗೆ 16.5 ಕೋಟಿ ಡಾಲರ್‌ಗಳ ದಂಡಕ್ಕೆ ಒಪ್ಪಿತು.

ಕಂಪನಿಗಳು ಮುಂಚಿತವಾಗಿಯೇ ಮಾಹಿತಿ ಕೊಡಬೇಕೆಂಬ ಈಗಿನ ಕಾನೂನು ಹುಟ್ಟಿದ್ದು ಕೂಡ ಒಂದು ಎಸ್‌ಯುವಿಯ ದುರಂತದಿಂದಲೇ. ಎಕ್ಸ್‌ಪ್ಲೋರರ್‌ಗಳಲ್ಲಿ ಫೈರ್‌ಸ್ಟೋನ್ ಟೈರ್‌ಗಳ ಮೇಲ್ಪದರ ಕಿತ್ತು ವಾಹನಗಳು ಮಗುಚಿದಾಗ, 2000ರ ಆಗಸ್ಟ್‌ನಲ್ಲಿ ಸುಮಾರು 65 ಲಕ್ಷ ಟೈರ್‌ಗಳ ರೀಕಾಲ್ ಆಯಿತು. ಹೊರದೇಶಗಳಲ್ಲಿ ಇವೇ ಟೈರ್‌ಗಳನ್ನು ಮೊದಲೇ ಬದಲಾಯಿಸಲಾಗಿತ್ತು ಎಂಬುದು ಬಯಲಾದ ಮೇಲೆ, ಅದೇ ವರ್ಷ ಅಮೆರಿಕದ ಸಂಸತ್ತು ಟ್ರೆಡ್ ಕಾಯ್ದೆಯನ್ನು ಅಂಗೀಕರಿಸಿತು. ಸಾವು, ಗಾಯ, ವಾರಂಟಿ ದೂರುಗಳ ಅಂಕಿಗಳನ್ನೂ ವಿದೇಶದ ರೀಕಾಲ್‌ಗಳನ್ನೂ ಕಂಪನಿಗಳು ಇಂದು ಸರ್ಕಾರಕ್ಕೆ ತಿಳಿಸಬೇಕಾಗಿರುವುದು ಇದರಿಂದಲೇ.

ಮಾಡೆಲ್‌ನಿಂದ ವಾಹನಕ್ಕೆ ಇಳಿಯುವುದು

ಇಲ್ಲಿಯವರೆಗಿನದು ಮಾಡೆಲ್‌ಗಳ ಹೋಲಿಕೆ. ಹಣ ಕೊಡುವುದು ಮಾತ್ರ ಒಂದೇ ಒಂದು ವಾಹನಕ್ಕೆ, ಅದರ ವಿಐಎನ್ ಅಂದರೆ 17 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆಯನ್ನು ಚಾಲಕನ ಕಡೆಯ ಗಾಜಿನ ಕೆಳ ಮೂಲೆಯಲ್ಲಿ ನೀವೇ ನೋಡಿ ಬರೆದುಕೊಳ್ಳಬೇಕು. ಅದರಲ್ಲಿ ಐ, ಓ, ಕ್ಯೂ ಎಂಬ ಅಕ್ಷರಗಳು ಇರುವುದೇ ಇಲ್ಲವಾದ್ದರಿಂದ, ದುಂಡಗೆ ಕಂಡದ್ದು ಸೊನ್ನೆಯೇ. ಈ ಸಂಖ್ಯೆಯನ್ನು ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹಾಕಿದರೆ ದುರಸ್ತಿಯಾಗದೆ ಬಾಕಿ ಇರುವ ರೀಕಾಲ್‌ಗಳು ಮಾತ್ರ ಕಾಣುತ್ತವೆ. ಮುಗಿದವು ಕಾಣುವುದಿಲ್ಲ, 15 ವರ್ಷಗಳಿಗಿಂತ ಹಳೆಯವೂ ಕಾಣುವುದಿಲ್ಲ, ತೀರ ಹೊಸದಾಗಿ ಘೋಷಣೆಯಾಗಿ ವಾಹನಗಳ ಪಟ್ಟಿ ಇನ್ನೂ ಪೂರ್ಣವಾಗದವೂ ಕಾಣದಿರಬಹುದು. ಆದ್ದರಿಂದ ವಿಐಎನ್ ಹುಡುಕಾಟದಲ್ಲಿ ಸೊನ್ನೆ ಬಂದರೂ ಮಾಡೆಲ್ ಮತ್ತು ವರ್ಷದಿಂದ ಮತ್ತೊಮ್ಮೆ ಹುಡುಕಿ, ಎರಡೂ ಉತ್ತರಗಳನ್ನು ತಾಳೆ ನೋಡಬೇಕು. ಮುಗಿದ ದುರಸ್ತಿಗಳ ದಿನಾಂಕವನ್ನು ಆ ಕಂಪನಿಯ ಯಾವುದೇ ಅಧಿಕೃತ ಡೀಲರ್‌ರ ಸೇವಾ ವಿಭಾಗದಲ್ಲಿ ವಿಐಎನ್ ಕೊಟ್ಟು ಕೇಳಬಹುದು.

ಈ ಕೆಲಸವನ್ನು ಮಾರುವವರ ಪಾಲಿಗೆ ಬಿಡುವಂತಿಲ್ಲ. ಬಾಕಿ ರೀಕಾಲ್ ಇರುವ ಹೊಸ ವಾಹನವನ್ನು ಡೀಲರ್ ಮಾರುವಂತಿಲ್ಲ, 35 ಅಥವಾ ಅದಕ್ಕಿಂತ ಹೆಚ್ಚು ವಾಹನಗಳಿರುವ ಬಾಡಿಗೆ ಕಂಪನಿಯೂ ಅಂಥದ್ದನ್ನು ಬಾಡಿಗೆಗೆ ಕೊಡುವಂತಿಲ್ಲ. ಆದರೆ ಬಳಸಿದ ವಾಹನವನ್ನು ಬಾಕಿ ರೀಕಾಲ್‌ನೊಡನೆ ಮಾರುವುದನ್ನು ತಡೆಯುವ ಒಕ್ಕೂಟ ಮಟ್ಟದ ಕಾನೂನು ಇಲ್ಲ. ಪರಿಶೀಲಿಸಿ ಪ್ರಮಾಣೀಕರಿಸಿದ್ದು ಎಂಬ ಫಲಕವಿದ್ದರೂ ಒಳಗೆ ರೀಕಾಲ್ ಬಾಕಿ ಇರಬಹುದು. ಇದು ಸರಿಯಾಗಬೇಕಾದ ಲೋಪ, ಸರಿಯಾಗುವವರೆಗೆ ಹೊರೆ ಕೊಳ್ಳುವವರದ್ದೇ.

ಬಾಕಿ ಇದೆ ಎಂದು ಗೊತ್ತಾದ ಮೇಲೆ ಬಿಡಿಭಾಗ ಸಿದ್ಧವಿದೆಯೇ ಎಂಬುದರ ಮೇಲೆ ನಿರ್ಧಾರ ನಿಲ್ಲುತ್ತದೆ. ಸಿದ್ಧವಿದ್ದರೆ ಮಾರುವವರೇ ದುರಸ್ತಿ ಮಾಡಿಸಿ ರಸೀತಿ ಕೊಟ್ಟ ಮೇಲೆ ಹಣ ಪಾವತಿಸುವುದು ಸರಿ, ಅದಕ್ಕೆ ಅವರಿಗೆ ಖರ್ಚೂ ಇಲ್ಲ. ಮಾಲೀಕರಿಗೆ ಬಂದಿರುವುದು ಪರಿಹಾರ ಸಿದ್ಧವಾದ ಮೇಲೆ ಮತ್ತೆ ತಿಳಿಸುತ್ತೇವೆ ಎಂಬ ಮಧ್ಯಂತರ ಪತ್ರ ಮಾತ್ರವಾಗಿದ್ದರೆ, ಕಾಯುವ ಅವಧಿ ತಿಂಗಳುಗಟ್ಟಲೆ ಆಗಬಹುದು. ಆಗ ದೋಷ ಸಣ್ಣದಾದರೆ ಬೆಲೆಯಲ್ಲಿ ಚೌಕಾಸಿ ಮಾಡಿ, ಬೆಂಕಿಯದೋ ಬ್ರೇಕಿನದೋ ಆದರೆ ಇನ್ನೊಂದು ವಾಹನದ ಕಡೆ ತಿರುಗಿ.

ಕೊಂಡ ಮೇಲೆ ಒಂದು ಕೆಲಸ ಉಳಿಯುತ್ತದೆ. ರೀಕಾಲ್ ಪತ್ರಗಳು ನೋಂದಣಿಯ ದಾಖಲೆಯಲ್ಲಿರುವ ವಿಳಾಸಕ್ಕೆ ಹೋಗುತ್ತವೆ, ಹೆಸರು ಬದಲಾವಣೆ ದಾಖಲಾಗುವವರೆಗೆ ಅವು ಹಿಂದಿನ ಮಾಲೀಕರ ಮನೆಯನ್ನೇ ತಲುಪುತ್ತಿರುತ್ತವೆ. ನೋಂದಣಿಯಾದ ಕೂಡಲೇ ಕಂಪನಿಯ ಮಾಲೀಕರ ಪಟ್ಟಿಯಲ್ಲೂ ವಿಳಾಸ ಕೊಡಿ, ವಿಐಎನ್ ಹುಡುಕಾಟವನ್ನು ವರ್ಷಕ್ಕೆರಡು ಬಾರಿಯಾದರೂ ಮಾಡಿ. ಅದೇ ದೋಷಕ್ಕೆ ಮೊದಲೇ ಸ್ವಂತ ಹಣ ಕೊಟ್ಟು ದುರಸ್ತಿ ಮಾಡಿಸಿದ್ದರೆ, ಮುಂದೆ ರೀಕಾಲ್ ಆದಾಗ ನಿಗದಿತ ಅವಧಿಯೊಳಗೆ ಆ ಹಣವನ್ನು ಕಂಪನಿಯಿಂದ ಮರಳಿ ಪಡೆಯಲು ಅರ್ಜಿ ಹಾಕಬಹುದು. ಅದಕ್ಕಾಗಿ ರಸೀತಿಗಳನ್ನು ವಾಹನದ ಕಾಗದಪತ್ರಗಳ ಜೊತೆಗೇ ಇಟ್ಟುಕೊಳ್ಳಿ.